ಕ್ಯಾನ್ಸರ್ ಟ್ರಯಲ್: ಸಹಿಗೆ ಮೊದಲು ಮಡಿಕೇರಿಯಲ್ಲೇ ಬಿಡಿಸಿ ಹೇಳಲಿ

ಮಾನ್ಯರೇ,

ಕ್ಯಾನ್ಸರ್ ಕೈಮೀರಿ, ಇದ್ದ ಮದ್ದೆಲ್ಲ ಮುಗಿದ ಮೇಲೆ ‘ಹೊಸ ಔಷಧದ ಟ್ರಯಲ್ ಇದೆ, ಸೇರ್ತೀರಾ’ ಎಂದು ದೊಡ್ಡ ಆಸ್ಪತ್ರೆಗಳಲ್ಲಿ ಕೇಳುವುದುಂಟು. ಕೆಲವರು ‘ನಮ್ಮನ್ನು ಇಲಿ ಮಾಡ್ತಾರೆ’ ಎಂದು ಹೆದರುತ್ತಾರೆ. ಉಳಿದವರು ಫ್ರೀ ಮದ್ದು, ಗುಣವಾಗ್ತದೆ ಎಂದು ನಂಬಿ ಹೊರಡುತ್ತಾರೆ. ಔಷಧದಂಗಡಿಯಲ್ಲೇ ತಲೆ ನರೆತ ನನಗೆ ಈ ನಂಬಿಕೆಯದ್ದೇ ಹೆಚ್ಚು ಚಿಂತೆ.

ಇಂಥ ಟ್ರಯಲ್‌ನ ಮೊದಲ ಹಂತದಲ್ಲಿ ನೋಡುವುದು ಮುಖ್ಯವಾಗಿ ಎಷ್ಟು ಡೋಸನ್ನು ಮೈ ತಾಳುತ್ತದೆ ಎಂಬುದನ್ನು. ಸಾಮಾನ್ಯವಾಗಿ ಮೂವರಿಗೆ ತೀರಾ ಕಡಿಮೆ ಡೋಸ್ ಕೊಡುತ್ತಾರೆ. ತೀವ್ರ ತೊಂದರೆ ಕಾಣದಿದ್ದರೆ ಮುಂದಿನ ಮೂವರಿಗೆ ಏರಿಸುತ್ತಾರೆ. ಒಬ್ಬರಿಗೆ ತೊಂದರೆಯಾದರೆ ಅದೇ ಡೋಸಿಗೆ ಇನ್ನೂ ಮೂವರು. ಇಬ್ಬರಿಗಾದರೆ ಏರಿಕೆ ಅಲ್ಲಿಗೇ ನಿಂತಿತು. ಮೊದಲು ಸೇರಿದವರಿಗೆ ಸಿಕ್ಕ ಡೋಸ್ ಗಡ್ಡೆಗೆ ಏನೂ ಮಾಡದೇ ಹೋಗಬಹುದು. ಅಮೆರಿಕದಲ್ಲಿ 1991ರಿಂದ 2002ರವರೆಗಿನ ಇಂಥ 460 ಪರೀಕ್ಷೆಗಳ ಲೆಕ್ಕ ತೆಗೆದಾಗ, ಗಡ್ಡೆ ಕರಗಿದ್ದು ಇಲ್ಲವೇ ಸಾಕಷ್ಟು ಕುಗ್ಗಿದ್ದು ಶೇ 10.6 ಮಂದಿಗೆ. ಮದ್ದಿನಿಂದಲೇ ತೀರಿಕೊಂಡವರು ಶೇ 0.49. ರಕ್ತಕ್ಯಾನ್ಸರಿನ ಇಮ್ಯಾಟಿನಿಬ್‌ನಂತೆ ಮೊದಲ ಹಂತದಲ್ಲೇ ಗೆದ್ದ ಮದ್ದೂ ಇದೆ, ಆದರೆ ಅಪರೂಪ.

ಈಚೆಗೆ ಕಾಫಿ ತೋಟದ ಲೈನ್‌ಮನೆಯ ಹುಡುಗನೊಬ್ಬ ಪ್ಲಾಸ್ಟಿಕ್ ಕವರಿನಿಂದ ಒಪ್ಪಿಗೆ ಫಾರಂ ತೆಗೆದು ಕೌಂಟರ್ ಮೇಲಿಟ್ಟ. ಅರ್ಧ ಗಂಟೆ, ಒಂದು, ಎರಡು, ನಾಲ್ಕು, ಎಂಟು ಗಂಟೆ ಎಂದು ಪಟ್ಟಿ ಇದ್ದ ಪುಟಕ್ಕೆ ಬೆರಳಿಟ್ಟು, “ಅಣ್ಣಾ, ಅಪ್ಪನಿಗೆ ಇಷ್ಟು ಸಲ ರಕ್ತ ಹಾಕ್ತಾರಾ?” ಎಂದ. ಅದು ರಕ್ತ ತೆಗೆಯುವ ಪಟ್ಟಿ. ಮನೆಯಲ್ಲಿ ಯರವ ಬುಡಕಟ್ಟಿನ ಮಾತು, ಅಪ್ಪನಿಗೆ ಓದು ಬಾರದು, ಫಾರಂ ಇದ್ದದ್ದು ಅಚ್ಚ ಪುಸ್ತಕದ ಕನ್ನಡದಲ್ಲಿ. ಸಹಿ ಆಗಲೇ ಬಿದ್ದಿತ್ತು.

ಹೊಸ ಔಷಧ, ಕ್ಲಿನಿಕಲ್ ಟ್ರಯಲ್‌ಗಳ ಬಗ್ಗೆ ಕೇಂದ್ರ ಸರ್ಕಾರ ತಂದ 2019ರ ನಿಯಮಗಳ ಪ್ರಕಾರ ರೋಗಿಗೆ ತಿಳಿಯುವ ಭಾಷೆಯಲ್ಲೇ ವಿವರಿಸಬೇಕು, ಓದಲು ಬಾರದವರಿಗೆ ಹೊರಗಿನ ಸಾಕ್ಷಿ ಇರಬೇಕು. ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಉಂಟು. ಯಾವಾಗ ಬೇಕಾದರೂ ಹೊರಬರಬಹುದು, ಅದಕ್ಕಾಗಿ ಬೇರೆ ಚಿಕಿತ್ಸೆ ನಿಲ್ಲಿಸುವಂತಿಲ್ಲ. ನಿಯಮ ಚೆನ್ನಾಗಿಯೇ ಇದೆ. ಆದರೆ ರೈಲೂ ಇಲ್ಲದ ನಮ್ಮ ಕೊಡಗು ಜಿಲ್ಲೆಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋದವರು, ಗಿಜಿಗುಡುವ ಒಪಿಡಿಯಲ್ಲಿ ನಿಂತು ‘ಇನ್ನೊಮ್ಮೆ ಹೇಳಿ ಸಾರ್’ ಅನ್ನುತ್ತಾರೆಯೇ?

ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನವಾದರೂ ಇಂಥ ಫಾರಂ ಓದಿ, ಕೊಡವ, ಅರೆಭಾಷೆ, ಯರವ, ಮಲಯಾಳ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಡಿಸಿ ಹೇಳುವ ವ್ಯವಸ್ಥೆಯಾಗಲಿ. ಹೊಸ ಕಟ್ಟಡ ಬೇಡ, ಒಂದು ಮೇಜು ಸಾಕು. ಅಲ್ಲಿಯವರೆಗೆ ಮನೆಯವರು ಎರಡು ಕೆಲಸ ಮಾಡಲಿ: ಸಹಿಗೆ ಮೊದಲು ಫಾರಂ ಮನೆಗೆ ತರಲಿ, ಟ್ರಯಲ್‌ನ ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಕೇಳಲಿ. 2009ರಿಂದ ಆ ನೋಂದಣಿ ಕಡ್ಡಾಯ.

– ನಿವೃತ್ತ ಫಾರ್ಮಸಿಸ್ಟ್, ವಿರಾಜಪೇಟೆ