ಡ್ರಮ್ಮಿನ ಲೆಕ್ಕ ಉಲ್ಟಾ ಕೇಳಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಲ್ಲಿ ಬರೋ ಎಸ್ಸೆಸ್ಸೆಲ್ಸಿ ಗಣಿತ ಮಾದರಿ ಪ್ರಶ್ನೆಗಳನ್ನ ಮಗಳ ಜೊತೆ ಕೂತು ನೋಡ್ತಿರ್ತೀನಿ, ನಾನು ತಗಡಿನ ಕೆಲಸ ಮಾಡೋನು, ಹಾಗಾಗಿ ಸಿಲಿಂಡರ್ ಲೆಕ್ಕ ಬಂದ್ರೆ ಕಣ್ಣು ಅಲ್ಲೇ ನಿಲ್ಲುತ್ತೆ. ಆದ್ರೆ ಯಾವಾಗ್ಲೂ ಒಂದೇ ಥರ: ತ್ರಿಜ್ಯ ಇಷ್ಟು, ಎತ್ತರ ಇಷ್ಟು, ಚದರ ಮೀಟರಿಗೆ ಇಷ್ಟು ರೂಪಾಯಿ, ತಗಡಿನ ಖರ್ಚೆಷ್ಟು. ಸೂತ್ರಕ್ಕೆ ಹಾಕಿ ಗುಣಿಸಿದ್ರೆ ಮುಗೀತು. ನಮ್ಮ ಶೆಡ್ಡಿಗೆ ಬರೋ ಗಿರಾಕಿ ಯಾರೂ ತ್ರಿಜ್ಯ ಹೇಳಲ್ಲ ಸಾರ್, "ಸಾವಿರ ಲೀಟರಿನ ಡ್ರಮ್ ಬೇಕು, ರಾಗಿ ತುಂಬೋಕೆ, ಕಡಿಮೇಲಿ ಮಾಡ್ಕೊಡಿ" ಅಂತಾನೆ.

ಇಲ್ಲೇ ಬೀಜಗಣಿತ ಬೇಕಾಗೋದು. ಸಾವಿರ ಲೀಟರ್ ಅಂದ್ರೆ ಒಂದು ಘನ ಮೀಟರ್, ಹಾಗಾಗಿ ತ್ರಿಜ್ಯ ಆರ್ ಅಂತಿಟ್ಕೊಂಡ್ರೆ ಎತ್ತರ 1 ÷ (ಪೈ × ಆರ್ ವರ್ಗ), ಅದನ್ನ ಮೇಲ್ಮೈ ವಿಸ್ತೀರ್ಣದ ಸೂತ್ರಕ್ಕೆ ಹಾಕಿದ್ರೆ ಎತ್ತರ ಮಾಯ, ತಳ ಮುಚ್ಚಳ ಸೇರಿ ಬೇಕಾಗೋ ತಗಡು 2 × ಪೈ × ಆರ್ ವರ್ಗ + 2 ÷ ಆರ್. ಇನ್ನು ಆರ್ ಬದಲಾಯಿಸ್ತಾ ಹೋಗಿ ನೋಡಿ: ಅಡ್ಡಳತೆ (ಆರ್‌ನ ಎರಡರಷ್ಟು) 80 ಸೆಂಮೀ ಆದ್ರೆ ಡ್ರಮ್ 2 ಮೀಟರ್ ಎತ್ತರ, ತಗಡು 6 ಚದರ ಮೀಟರ್. 130 ಸೆಂಮೀ ಆದ್ರೆ 5.73. ಅಡ್ಡಳತೆ, ಎತ್ತರ ಎರಡೂ 108 ಸೆಂಮೀ ಇದ್ದಾಗ 5.54, ಇದಕ್ಕಿಂತ ಕಡಿಮೆ ಆಗಲ್ಲ. ಕ್ಯಾಲ್ಕುಲಸ್ ಬೇಡ, ಒಂದು ಟೇಬಲ್ ಬರೆದ್ರೆ ಹತ್ತನೇ ಕ್ಲಾಸ್ ಮಕ್ಕಳಿಗೇ ಕಾಣುತ್ತೆ.

ಮಜಾ ಇರೋದು ಇದಾದ್ಮೇಲೆ. ತಳ ಮುಚ್ಚಳ ಚೌಕದಿಂದ ಕತ್ತರಿಸೋದು ತಾನೇ, ನಾಲ್ಕು ಮೂಲೆ ವೇಸ್ಟು, ಆದ್ರೆ ದುಡ್ಡು ಕೊಟ್ಟಿರೋದು ಇಡೀ ಚೌಕಕ್ಕೆ. ಆಗ ಲೆಕ್ಕ 8 × ಆರ್ ವರ್ಗ + 2 ÷ ಆರ್ ಆಗುತ್ತೆ, ಉತ್ತರ ಸರಿಯಾಗಿ ಅರ್ಧ ಮೀಟರ್ ತ್ರಿಜ್ಯ, ಎತ್ತರ 127 ಸೆಂಮೀ, ಡ್ರಮ್ ಸ್ವಲ್ಪ ಸಣ್ಣ ಆಗಿ ಉದ್ದ ಆಯ್ತು. (ಶೀಟ್ ನಾಲ್ಕಡಿ ಅಗಲ ಬರೋದ್ರಿಂದ ನಾವು ಎತ್ತರ 122ಕ್ಕೇ ನಿಲ್ಲಿಸ್ತೀವಿ, ಅಡ್ಡ ಜಾಯಿಂಟ್ ಹಾಕೋದು ತಪ್ಪುತ್ತೆ.) ಮೂಲೆ ವೇಸ್ಟ್ ಲೆಕ್ಕಕ್ಕೆ ಹಿಡೀದೆ, ತಳಕ್ಕೆ ಮಾತ್ರ ಡಬಲ್ ರೇಟಿನ ದಪ್ಪ ತಗಡು ಹಾಕಿದ್ರೆ ಅಡ್ಡಳತೆ 95ಕ್ಕೆ ಇಳಿಯುತ್ತೆ, ಎತ್ತರ 142. ತಗಡಿನ ರೇಟು ಮೇಲೆ ಕೆಳಗೆ ಆದ್ರೂ ಎಲ್ಲಾ ತಗಡಿಗೂ ಒಂದೇ ಪ್ರಮಾಣದಲ್ಲಿ ಆದ್ರೆ ಅಳತೆ ಬದಲಾಗಲ್ಲ, ಇದನ್ನ ಮಕ್ಕಳು ತಾವೇ ಕಂಡುಹಿಡೀಲಿ.

ಗಿರಾಕಿ ಮನೆ ಬಾಗಿಲು ಮೂರಡಿ ಇದ್ರೆ ಇದೆಲ್ಲಾ ಬಿಟ್ಟು 80 ಸೆಂಮೀದೇ ಮಾಡ್ಬೇಕು ಬಿಡಿ. ಆದ್ರೂ ಆ ಬಾಗಿಲಿಂದ ಎಷ್ಟು ಜಾಸ್ತಿ ಬೀಳುತ್ತೆ ಅಂತ ಹೇಳ್ಬಹುದು: 1 ಎಂಎಂ ಸ್ಟೀಲ್ ತಗಡು ಚದರ ಮೀಟರಿಗೆ 7.85 ಕೆಜಿ, ಹಾಗಾಗಿ 6ಕ್ಕೂ 5.54ಕ್ಕೂ ಇರೋ ವ್ಯತ್ಯಾಸ ಮೂರೂವರೆ ಕೆಜಿ ಮೇಲೆ.

ಮುಂದಿನ ಮಾದರಿ ಪತ್ರಿಕೇಲಿ ಘನಫಲ ಮಾತ್ರ ಕೊಟ್ಟು ಅಳತೆ ಕೇಳೋ ಒಂದು ಪ್ರಶ್ನೆ ಹಾಕಿಸಿ, ಮೂರು ಮಾರ್ಕ್ಸಿಗಾದ್ರೂ ಸರಿ.

– ಒಬ್ಬ ತಗಡು ಕೆಲಸದವ, ತಿಪಟೂರು