ರಸ್ತೆ ಅಗೆಯದೆ ಪೈಪು ಹೊಸದಾಗುವ ಬಗ್ಗೆ ಅಪ್ಪನಿಗೆ

ಲಂಡನ್, ಭಾನುವಾರ

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗ ಮಾಡುವ ನಮಸ್ಕಾರಗಳು. ನಾನು ಆರಾಮವಾಗಿದ್ದೇನೆ. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ ಇನ್ನೂ ಅರ್ಧ ಡಬ್ಬಿ ಇದೆ. ಇಲ್ಲಿ ಜೋಳದ ಹಿಟ್ಟು ಸಿಗುತ್ತದೆ, ಆದರೆ ರೊಟ್ಟಿ ಬಡಿಯುವಾಗ ಒಡೆದು ಹೋಗುತ್ತದೆ. ಬಿಸಿ ನೀರು ಎಷ್ಟು ಹಾಕಬೇಕು ಅಂತ ಅವ್ವನನ್ನು ಕೇಳಿ ಹೇಳಿ.

ಹೋದ ವಾರ ಫೋನಿನಲ್ಲಿ ನೀವು ಕೇಳಿದಿರಿ: "ರಸ್ತಾ ಅಗಿಲಾರ್ದೆ ಪೈಪ್ ಹ್ಯಾಂಗ ಹೊಸಾದು ಆಗ್ತದ?" ನಾನು ಏನೋ ಹೇಳಹೊರಟೆ, ಫೋನ್ ಕಟ್ಟಾಯಿತು. ಮೂವತ್ತು ವರ್ಷ ಕಲಬುರಗಿಯ ಓಣಿ ಓಣಿಯಲ್ಲಿ ಒಳಚರಂಡಿ ಪೈಪು ಹಾಸಿ, ಮ್ಯಾನ್‌ಹೋಲ್ ಚೇಂಬರ್ ಕಟ್ಟಿದವರು ನೀವು. ನಿಮಗೆ ಸುಮ್ನೆ ಮೇಲೆ ಮೇಲೆ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಅದಕ್ಕೇ ಈ ಪತ್ರ. ತಂಗಿ ನಿಧಾನವಾಗಿ ಓದಿ ಹೇಳಲಿ.

ಅವ್ವ ತೊಗರಿ ತುಂಬಲು ಚೀಲ ಹೊಲಿಯುತ್ತಾಳೆ ಅಲ್ವಾ? ಮೊದಲು ಉಲ್ಟಾ ಹೊಲಿಯುತ್ತಾಳೆ. ಆಮೇಲೆ ಕೈ ಒಳಗೆ ಹಾಕಿ ತಿರುವುತ್ತಾಳೆ. ನಮ್ಮ ಕೆಲಸವೂ ಅದೇ. ಹಳೆ ಪೈಪಿನ ಅಳತೆಗೆ ಹೊಲಿದ ಬಟ್ಟೆಯ ಕೊಳವೆ ಇರುತ್ತದೆ. ಕಂಬಳಿಯಂಥ ದಪ್ಪ ಬಟ್ಟೆ, ಹೊರಮೈಗೆ ಪ್ಲಾಸ್ಟಿಕ್ ಲೇಪ. ಇದಕ್ಕೆ ಲೈನರ್ ಅನ್ನುತ್ತೇವೆ. ಅದರೊಳಗಿನ ಗಾಳಿ ಎಳೆದು ತೆಗೆದು, ಬಟ್ಟೆಗೆ ರೆಸಿನ್ ಕುಡಿಸುತ್ತಾರೆ. ರೆಸಿನ್ ಅಂದರೆ ಜೇನಿನ ಹಾಗೆ ಮಂದವಾದ ಅಂಟು. ಬಿಸಿ ತಾಗಿದರೆ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ಅದಕ್ಕೇ ಲೈನರನ್ನು ಮಂಜುಗಡ್ಡೆ ಹಾಕಿದ ಲಾರಿಯಲ್ಲಿ ತರುತ್ತೇವೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಾದರೆ ಈ ಕೆಲಸಕ್ಕೆ ಇನ್ನೂ ಜಾಸ್ತಿ ಎಚ್ಚರ ಬೇಕು.

ಒಂದು ಚೇಂಬರಿನ ಬಾಯಲ್ಲಿ ಲೈನರಿನ ತುದಿಯನ್ನು ಮಡಚಿ ಬಿಗಿಯುತ್ತೇವೆ. ಹಿಂದಿನಿಂದ ನೀರು ಬಿಡುತ್ತೇವೆ. ನೀರಿನ ಭಾರಕ್ಕೆ ಅದು ತಾನೇ ತಿರುವಿಕೊಳ್ಳುತ್ತಾ ಮುಂದಿನ ಚೇಂಬರಿನವರೆಗೆ ಹೋಗುತ್ತದೆ. ಅಂಟು ಇದ್ದ ಮೈ ಹಳೆ ಪೈಪಿಗೆ ಒತ್ತಿಕೊಳ್ಳುತ್ತದೆ. ನುಣ್ಣನೆಯ ಮೈ ಒಳಗೆ ಬರುತ್ತದೆ. ಆಮೇಲೆ ಆ ನೀರನ್ನೇ ಸುಮಾರು 80 ಡಿಗ್ರಿಗೆ ಕಾಯಿಸುತ್ತೇವೆ. ಕೆಲವು ಕಡೆ ಹಬೆ ಬಿಡುತ್ತಾರೆ, ಕೆಲವು ಕಡೆ ನೇರಳಾತೀತ (ಯುವಿ) ಬೆಳಕಿನ ದೀಪ ಎಳೆಯುತ್ತಾರೆ. ಕೆಲವು ಗಂಟೆಯಲ್ಲಿ ಪೈಪಿನೊಳಗೆ ಇನ್ನೊಂದು ಪೈಪು ತಯಾರು. ಜೋಡಣೆಯೇ ಇಲ್ಲ, ಈ ಚೇಂಬರಿನಿಂದ ಆ ಚೇಂಬರಿಗೆ ಒಂದೇ ತುಂಡು. ಒಂಬತ್ತು ಇಂಚಿನ ಪೈಪಿಗೆ 6 ಮಿಲಿಮೀಟರ್ ದಪ್ಪದ್ದು ಸಾಕಾಗುತ್ತದೆ. ಐವತ್ತು ವರ್ಷ ಬಾಳಲಿ ಅಂತ ಲೆಕ್ಕ ಹಾಕಿ ಮಾಡುತ್ತಾರೆ. ಇದನ್ನು ಮೊದಲು ಮಾಡಿದ್ದು ಇದೇ ಊರಿನಲ್ಲಿ, 1971ರಲ್ಲಿ, ಎರಿಕ್ ವುಡ್ ಎಂಬ ಎಂಜಿನಿಯರು. ಪೂರ್ವ ಲಂಡನ್ನಿನ ಒಂದು ಹಳೆ ಇಟ್ಟಿಗೆ ಮೋರಿಗೆ.

ನೀವು ಖಂಡಿತ ಕೇಳುತ್ತೀರಿ: ಮನೆ ಮನೆಯ ಕನೆಕ್ಷನ್ ಮುಚ್ಚಿಹೋಗುವುದಿಲ್ಲವೇ? ಮುಚ್ಚುತ್ತದೆ. ಅದಕ್ಕೆ ಮೊದಲೇ ಕ್ಯಾಮೆರಾ ಬಿಟ್ಟು ಯಾವ ಕನೆಕ್ಷನ್ ಎಷ್ಟು ದೂರದಲ್ಲಿದೆ ಅಂತ ಬರೆದಿಡುತ್ತೇವೆ. ಲೈನರ್ ಗಟ್ಟಿಯಾದ ಮೇಲೆ ಚಕ್ರದ ಮೇಲೆ ಓಡುವ ಸಣ್ಣ ಯಂತ್ರ ಕಳಿಸಿ ಒಳಗಿನಿಂದಲೇ ಒಂದೊಂದಾಗಿ ಕೊರೆಯುತ್ತೇವೆ. ಹೋದ ತಿಂಗಳು ಒಂದು ಬೀದಿಯಲ್ಲಿ ಹನ್ನೊಂದು ಕನೆಕ್ಷನ್ ಇದ್ದವು. ಬರೆದದ್ದು ಹತ್ತು. ಬರೆದವನು ನಾನೇ. ರಾತ್ರಿ ಒಬ್ಬ ಅಜ್ಜಿಯ ಬಚ್ಚಲಲ್ಲಿ ಹೊಲಸು ನೀರು ಮೇಲೆ ಬಂತು. ಮತ್ತೆ ಯಂತ್ರ ಇಳಿಸಿ ಕೊರೆಯುವ ಹೊತ್ತಿಗೆ ಎರಡು ಗಂಟೆ ಆಗಿತ್ತು. ಆ ಅಜ್ಜಿ ನಮಗೆ ಚಹಾ ಮಾಡಿಕೊಟ್ಟರು. ಅವರ ಮುಖ ನೋಡಲು ನನಗೆ ಆಗಲಿಲ್ಲ. ಈಗ ಪ್ರತಿ ಬೀದಿಯನ್ನೂ ಎರಡು ಸಲ ಎಣಿಸುತ್ತೇನೆ.

ಅಪ್ಪಾ, ಈ ಪತ್ರ ಬರೆಯಲು ಇನ್ನೊಂದು ಕಾರಣ ಇದೆ. ಸಿಮೆಂಟಿನ ಹ್ಯೂಮ್ ಪೈಪು ನೀರು ಹರಿಯುವ ತಳದಲ್ಲಿ ಸವೆಯುತ್ತದೆ ಅಂತ ನಾನು ತಿಳಿದಿದ್ದೆ. ಇಲ್ಲಿ ಕ್ಯಾಮೆರಾದಲ್ಲಿ ನೋಡಿದರೆ ಜಾಸ್ತಿ ಹಾಳಾಗಿದ್ದು ನೆತ್ತಿ. ಗಾಳಿ ಆಡದ ಹೊಲಸು ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನುವ ಗ್ಯಾಸ್ ಹುಟ್ಟುತ್ತದೆ. ಅದು ಮೇಲೇರಿ ನೆತ್ತಿಯ ತೇವದಲ್ಲಿ ಸೇರುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಸಲ್ಫ್ಯೂರಿಕ್ ಆಸಿಡ್ ಮಾಡುತ್ತವೆ. ಆಸಿಡ್ ಸಿಮೆಂಟನ್ನು ತಿನ್ನುತ್ತದೆ, ಒಳಗಿನ ಕಬ್ಬಿಣ ಕಾಣುವವರೆಗೂ.

ಆ ಗ್ಯಾಸಿಗೆ ಕೊಳೆತ ಮೊಟ್ಟೆಯ ವಾಸನೆ. ಆದರೆ ಅದು ಜಾಸ್ತಿಯಾದಾಗ ಮೂಗು ಸತ್ತಂತೆ ಆಗಿ ವಾಸನೆಯೇ ತಿಳಿಯುವುದಿಲ್ಲ. ತರಬೇತಿಯ ಮೊದಲ ದಿನವೇ ಇದನ್ನು ಹೇಳಿದರು. ನನಗೆ ಕೂತಲ್ಲೇ ಕೈಕಾಲು ತಣ್ಣಗಾಯಿತು. ನಾನು ಆರನೇ ಕ್ಲಾಸಿನಲ್ಲಿದ್ದಾಗ ನಿಮ್ಮನ್ನು ಚೇಂಬರಿನಿಂದ ಹಗ್ಗ ಕಟ್ಟಿ ಎಳೆದರಲ್ಲ, ಆ ರಾತ್ರಿ ನೀವು ಕಾಕಾನಿಗೆ ಹೇಳಿದ್ದು ನಾನು ಹಾಸಿಗೆಯಲ್ಲಿ ಕೇಳಿಸಿಕೊಂಡಿದ್ದೆ. "ಮೊದ್ಲು ವಾಸನಿ ಬಂತು, ಆಮ್ಯಾಲ ನಿಂತು ಹೋಯ್ತು. ಗ್ಯಾಸ್ ಹೋಯ್ತು ಅಂತ ಕೆಳಗ ಇಳದೆ." ಗ್ಯಾಸ್ ಹೋಗಿರಲಿಲ್ಲ ಅಪ್ಪಾ. ಅದು ಜಾಸ್ತಿಯಾಗಿತ್ತು. ಗುತ್ತಿಗೆದಾರ ಆ ದಿನದ ಕೂಲಿಯನ್ನೂ ಅರ್ಧ ಹಿಡಿದ. ನೀವು ಯಾರಿಗೂ ಬೈಯಲಿಲ್ಲ. ನೀವು ಇಳಿದದ್ದು ತಪ್ಪು ಅಂತ ಕಾಕಾ ಎಷ್ಟೋ ವರ್ಷ ಅಂದರು. ತಪ್ಪು ನಿಮ್ಮದಲ್ಲ. ಮೂಗಿಗೆ ತಿಳಿಯುವುದೇ ಇಲ್ಲ, ಯಂತ್ರಕ್ಕೆ ಮಾತ್ರ ತಿಳಿಯುತ್ತದೆ. ಇಲ್ಲಿ ಒಳಗೆ ಇಳಿಯಲೇಬೇಕಾದರೆ ನಾಲ್ಕು ಥರದ ಗ್ಯಾಸ್ ಅಳೆಯುವ ಯಂತ್ರ ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ. ಮೇಲೆ ಎಳೆಯುವವರು ಸಿದ್ಧ ಇರುತ್ತಾರೆ. ಒಂಬತ್ತು ಇಂಚಿನ ಪೈಪಿಗಂತೂ ಯಾರೂ ಇಳಿಯುವುದೇ ಬೇಡ.

ಈಗ ನಮ್ಮ ಓಣಿಯ ಮಾತು. ಮಳೆ ಬಂದಾಗಲೆಲ್ಲ ಗುಡಿಯ ಮುಂದಿನ ಚೇಂಬರ್ ಉಕ್ಕುತ್ತದೆ, ಎಲ್ಲರೂ ದುಡ್ಡು ಕೂಡಿಸಿ ಅಗೆಸೋಣ ಅನ್ನುತ್ತಿದ್ದಾರೆ ಅಂದಿರಿ. ಅಲ್ಲಿರುವುದು ನೀವೇ ಹಾಸಿದ, ಸುಟ್ಟ ಜೇಡಿಮಣ್ಣಿನ ಸ್ಟೋನ್‌ವೇರ್ ಪೈಪು. ಅದನ್ನು ಆಸಿಡ್ ತಿನ್ನುವುದಿಲ್ಲ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವುದರಿಂದ ಜೋಡಣೆ ಬಿಟ್ಟಿರಬೇಕು. ಆ ಸಂದಿಯಲ್ಲಿ ಗುಡಿಯ ಬೇವಿನ ಬೇರು ಹೊಕ್ಕಿರಬೇಕು. ಲಂಡನ್ನಿನ ಜೇಡಿಮಣ್ಣಿಗೂ ಇದೇ ಗುಣ, ಇಲ್ಲೂ ಇದೇ ಕಾಟ. ಬೇರು ಕತ್ತರಿಸಿ ಲೈನರ್ ಹಾಕಿದರೆ ಸಂದಿಯೇ ಉಳಿಯುವುದಿಲ್ಲ.

ಆದರೆ ಪೈಪು ನಡುವೆ ಕುಸಿದು ಇಳಿಜಾರು ಕೆಟ್ಟಿದ್ದರೆ ಲೈನರಿಗೆ ದುಡ್ಡು ಹಾಕಬೇಡಿ. ಹಳೆ ಪೈಪು ಹೇಗಿದೆಯೋ ಲೈನರೂ ಹಾಗೇ ಕೂರುತ್ತದೆ. ನೀರು ನಿಲ್ಲುವ ಕಡೆ ನಿಲ್ಲುತ್ತಲೇ ಇರುತ್ತದೆ. ಅಂಥ ಕಡೆ ಅಗೆಯಲೇಬೇಕು. ಅದಕ್ಕೇ ಮೊದಲು ಜೋರಾಗಿ ನೀರು ಚಿಮ್ಮಿಸುವ ಜೆಟ್ಟಿಂಗ್ ಗಾಡಿಯಿಂದ ತೊಳೆಸಿ, ಕ್ಯಾಮೆರಾ ಬಿಡಲು ಅರ್ಜಿ ಕೊಡಿ. ಅಲ್ಲಿಯವರೆಗೆ ಯಾರನ್ನೂ ಆ ಚೇಂಬರಿಗೆ ಇಳಿಸಲು ಬಿಡಬೇಡಿ. ಐನೂರು ಕೊಟ್ಟರೆ ಇಳಿಯುತ್ತೇನೆ ಅಂತ ಯಾರಾದರೂ ಬಂದರೂ ಬಿಡಬೇಡಿ. ಸುರಕ್ಷತೆಯ ಸಾಮಾನಿಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾನೂನಿನಲ್ಲಿ ಅಪರಾಧ ಅಂತ ಓಣಿಯವರಿಗೆ ಹೇಳಿ. ನಿಮ್ಮ ಮಾತು ಕೇಳುತ್ತಾರೆ.

ಇನ್ನೊಂದು ಕೆಲಸ ಮಾಡಿ. ನಮ್ಮ ಓಣಿಯಲ್ಲಿ ಯಾವ ಚೇಂಬರಿನಿಂದ ಯಾವ ಚೇಂಬರಿಗೆ ಎಷ್ಟು ಫೂಟು, ಎಷ್ಟು ಆಳ, ಯಾರ ಮನೆಯ ಕನೆಕ್ಷನ್ ಎಲ್ಲಿ ಸೇರುತ್ತದೆ, ಎಲ್ಲ ನಿಮಗೆ ಬಾಯಿಪಾಠ. ಹಾಳೆಯ ಮೇಲೆ ತಂಗಿ ಗೆರೆ ಎಳೆಯಲಿ, ನೀವು ಹೇಳುತ್ತಾ ಹೋಗಿ. ಡಾಂಬರಿನ ಕೆಳಗೆ ಮುಚ್ಚಿಹೋದ ಆ ಹಳೆ ಚೇಂಬರನ್ನೂ ಸೇರಿಸಿ. ಫೋಟೋ ತೆಗೆದು ನನಗೆ ಕಳಿಸಲಿ. ಕನೆಕ್ಷನ್ ಎರಡು ಸಲ ಎಣಿಸಿ.

ಮುತ್ಯಾನ ಕಾಲುನೋವು ಹೇಗಿದೆ ತಿಳಿಸಿ. ಅವ್ವನಿಗೆ ನಮಸ್ಕಾರ.

ಇಂತಿ ನಿಮ್ಮ ಮಗ