ಗಾರ್ಡನ್ ಕೆಲಸ ಕೊಡುವ ಮುಂಚೆ

ಎಲ್ಲರಿಗೂ ನಮಸ್ಕಾರ. ಮನೆ ಮುಂದೆ ಹುಲ್ಲು ಹಾಸಿಸಲು ಯಾರಾದರೂ ಗೊತ್ತಾ ಅಂತ ಮೂರ್ನಾಲ್ಕು ಜನ ಕೇಳಿದ್ದೀರಿ. ನನಗಾದದ್ದನ್ನು ಹೇಳಿಬಿಡುತ್ತೇನೆ. ಹೆಸರು ಮಾತ್ರ ಇಲ್ಲಿ ಬೇಡ.

80 ಸಾವಿರಕ್ಕೆ ಮಾತಾಗಿತ್ತು. 50 ಸಾವಿರ ಅಡ್ವಾನ್ಸ್ ಕೊಟ್ಟೆ, ಅದು ನನ್ನದೇ ಪೆದ್ದತನ. ಎರಡು ದಿನ ಕೆಲಸ ನಡೆಯಿತು. ಆಮೇಲೆ ಬರೀ 'ನಾಳೆ ಬರ್ತೀನಿ ಸಾರ್'. ಅಷ್ಟರಲ್ಲಿ ಹುಲ್ಲು ಹಳದಿಗೆ ತಿರುಗಿತು. ಒಂದು ಮೂಲೆ ಎತ್ತಿ ನೋಡಿದರೆ ಕೆಂಪು ಮಣ್ಣು ಎರಡು ಬೆರಳಷ್ಟೂ ಇಲ್ಲ! ಅದರಡಿ ಮನೆ ಕಟ್ಟಿದಾಗಿನ ಜಲ್ಲಿ, ಸಿಮೆಂಟ್ ಚೂರು, ಒಂದು ಹರಿದ ಗ್ಲೌಸ್. ಬೇರು ಎಲ್ಲಿಗೆ ಇಳಿಯಬೇಕು ಹೇಳಿ?

ಹುಲ್ಲಿಗೆ ಕನಿಷ್ಠ 4ರಿಂದ 6 ಇಂಚು ಒಳ್ಳೆ ಮಣ್ಣು ಬೇಕು. ಹಾಸುವ ಮುಂಚೆ ಸ್ಕೇಲ್ ಇಟ್ಟು ನೀವೇ ಅಳೆಯಿರಿ, ಫೋಟೊ ತೆಗೆದಿಡಿ. ಎಷ್ಟು ಚದರಡಿ, ಯಾವ ಗಿಡ, ಎಷ್ಟೆತ್ತರದ್ದು, ಒಣಗಿದರೆ ಯಾರು ಬದಲಿಸುತ್ತಾರೆ, ಎಲ್ಲವೂ ಕಾಗದದ ಮೇಲಿರಲಿ. ದುಡ್ಡು ಕೆಲಸ ಆದಷ್ಟೇ ಕೊಡಿ, ಕ್ಯಾಶ್ ಬೇಡವೇ ಬೇಡ. ಹುಲ್ಲು ಬೇರು ಬಿಡುವವರೆಗೆ ಸ್ವಲ್ಪ ಬಾಕಿ ಉಳಿಸಿಕೊಳ್ಳಿ.

ಈಗಾಗಲೇ ಸಿಕ್ಕಿಕೊಂಡವರು ಜಗಳ ಆಡಬೇಡಿ. ಇಂಥ ತಾರೀಖಿನೊಳಗೆ ಮುಗಿಸಿ ಅಂತ ಮೆಸೇಜ್ ಹಾಕಿ. ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2 ವರ್ಷದೊಳಗೆ ದೂರು ಕೊಡಬೇಕು, 5 ಲಕ್ಷದವರೆಗಿನ ಕೆಲಸಕ್ಕೆ ಶುಲ್ಕ ಇಲ್ಲ.

ಅಂದಹಾಗೆ, ಅಗೆದು ತೆಗೆದ ಜಲ್ಲಿ 10 ಮೂಟೆ ನಮ್ಮ ಗೇಟಿನ ಹತ್ತಿರ ಇದೆ. ಬೇಕಾದವರು ಸುಮ್ನೆ ತಗೊಂಡು ಹೋಗಿ.